ಎಕ್ಮೋ ಕೊಳ್ಳುವ ಮೊದಲು ಅದಕ್ಕೆ ದಾರಿ ಕಟ್ಟಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ವೈದ್ಯಕೀಯ ಶಿಕ್ಷಣ ಇಲಾಖೆ ಹಾಗೂ ಜಿಲ್ಲಾ ಆಸ್ಪತ್ರೆಗಳ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ

ಮಾನ್ಯರೇ,

ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 2020ರ ಆಗಸ್ಟ್‌ನಲ್ಲಿ ಕೋವಿಡ್‌ನಿಂದ ಚೆನ್ನೈನ ಆಸ್ಪತ್ರೆ ಸೇರಿ ಸೆಪ್ಟೆಂಬರ್ 25ರಂದು ತೀರಿಕೊಳ್ಳುವವರೆಗೆ, ಆಸ್ಪತ್ರೆಯ ಪ್ರಕಟಣೆಗಳಲ್ಲಿ ‘ವೆಂಟಿಲೇಟರ್ ಮತ್ತು ಎಕ್ಮೋ ನೆರವಿನಲ್ಲಿದ್ದಾರೆ’ ಎಂಬ ಸಾಲು ಮತ್ತೆ ಮತ್ತೆ ಬಂತು. ಕನ್ನಡಿಗರಲ್ಲಿ ಬಹಳ ಜನ ಎಕ್ಮೋ ಎಂಬ ಪದ ಕೇಳಿದ್ದು ಆಗಲೇ. ರಕ್ತವನ್ನು ಮೈಯಿಂದ ಹೊರತಂದು, ಆಮ್ಲಜನಕ ಸೇರಿಸಿ ಮರಳಿಸುತ್ತ, ಸೋತ ಶ್ವಾಸಕೋಶದ ಅಥವಾ ಹೃದಯದ ಕೆಲಸವನ್ನು ಕೆಲಕಾಲ ಹೊರುವ ಯಂತ್ರ ಅದು. ಅಲ್ಲಿಂದೀಚೆಗೆ ರೋಗಿಯ ಸ್ಥಿತಿ ಬಿಗಡಾಯಿಸಿದಾಗಲೆಲ್ಲ ಮನೆಯವರು ‘ಎಕ್ಮೋ ಹಾಕಿಸೋಣವಾ?’ ಎಂದು ಕೇಳುತ್ತಾರೆ. ‘ನಮ್ಮ ಜಿಲ್ಲೆಗೂ ಒಂದು ಎಕ್ಮೋ ಕೊಡಿ’ ಎಂಬ ಬೇಡಿಕೆಯೂ ಸಹಜವಾಗಿಯೇ ಏಳುತ್ತದೆ.

ನಮ್ಮ ಕೋರಿಕೆ ಇಷ್ಟು. ಜಿಲ್ಲೆಗೊಂದು ಯಂತ್ರ ಹಂಚಬೇಡಿ. ಕೆಲವೇ ಕೇಂದ್ರಗಳನ್ನು ಆರಿಸಿ ಗಟ್ಟಿಯಾಗಿ ಕಟ್ಟಿ. ಆ ಕೇಂದ್ರಗಳಿಗೆ ಹಗಲು ರಾತ್ರಿ ಎತ್ತುವ ಒಂದು ದೂರವಾಣಿ ಸಂಖ್ಯೆ ಮತ್ತು ರೋಗಿ ಇದ್ದಲ್ಲಿಗೇ ಹೋಗುವ ಒಂದು ತಂಡ ಕೊಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಎಕ್ಮೋಗಿಂತ ಮೊದಲು ಆಗಬೇಕಾದ ಕೆಲಸಗಳು ಸರಿಯಾಗಿ ಆಗುವಂತೆ ನೋಡಿಕೊಳ್ಳಿ. ಹೀಗೇಕೆ ಹೇಳುತ್ತಿದ್ದೇವೆ ಎಂಬುದು ಯಂತ್ರದ ಒಳಗುಟ್ಟು ತಿಳಿದರೆ ಸ್ಪಷ್ಟವಾಗುತ್ತದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇವೆ.

ತೊಡೆಸಂದಿನ ದೊಡ್ಡ ಅಭಿಧಮನಿಯೊಳಗೆ (ಹೃದಯಕ್ಕೆ ರಕ್ತ ಮರಳಿಸುವ ನಾಳ) ಕ್ಯಾನುಲಾ ಎಂಬ ಒಂದು ಉದ್ದನೆಯ ನಳಿಕೆ ಇಳಿಸುತ್ತಾರೆ. ವಯಸ್ಕರಿಗೆ ಸಾಮಾನ್ಯವಾಗಿ 23ರಿಂದ 25 ಫ್ರೆಂಚ್ ಗಾತ್ರದ್ದು. 3 ಫ್ರೆಂಚ್ ಎಂದರೆ 1 ಮಿ.ಮೀ.; ಹಾಗಾಗಿ ಅದರ ದಪ್ಪ ಸುಮಾರು 8 ಮಿ.ಮೀ. ರಕ್ತ ಅದರಿಂದ ಹೊರಬಂದು, ಒಳಗಡೆ ಒಂದು ಅಂಗುಲದ ಎಂಟನೇ ಮೂರು ಭಾಗದಷ್ಟು ಅಗಲವಿರುವ ಪ್ಲಾಸ್ಟಿಕ್ ಕೊಳವೆಯ ಮೂಲಕ ಪಂಪ್ ಸೇರುತ್ತದೆ. ಈ ಪಂಪ್ ರಕ್ತವನ್ನು ಹಿಂಡುವುದಿಲ್ಲ. ಅದರೊಳಗಿನ ಚಕ್ರ ನಿಮಿಷಕ್ಕೆ 3000 ಸುತ್ತಿನ ಆಸುಪಾಸಿನಲ್ಲಿ ತಿರುಗಿ, ಮೊಸರು ಕಡೆಯುವಾಗ ಮಜ್ಜಿಗೆ ಅಂಚಿಗೆ ಏರುವಂತೆ ರಕ್ತವನ್ನು ಹೊರಕ್ಕೆ ತಳ್ಳುತ್ತದೆ. ಅಲ್ಲಿಂದ ರಕ್ತ ಆಕ್ಸಿಜನೇಟರಿಗೆ ಹೋಗುತ್ತದೆ. ಇದು ಪಾಲಿಮಿಥೈಲ್‌ಪೆಂಟೀನ್ ಎಂಬ ವಸ್ತುವಿನ ಟೊಳ್ಳು ನಾರುಗಳ ಕಟ್ಟು. ನಾರಿನ ಒಳಗೆ ಆಮ್ಲಜನಕ, ಹೊರಗೆ ರಕ್ತ. ಎರಡೂ ಬೆರೆಯುವುದಿಲ್ಲ, ನಾರಿನ ಗೋಡೆಯ ಮೂಲಕ ಅನಿಲಗಳು ಮಾತ್ರ ಆಚೀಚೆ ದಾಟುತ್ತವೆ. ಹಿಂದಿನ ಪಾಲಿಪ್ರೊಪಿಲೀನ್ ನಾರುಗಳಲ್ಲಿ ಕೆಲವು ಗಂಟೆಗಳ ಬಳಿಕ ರಕ್ತದ್ರವ ಜಿನುಗಲು ಶುರುವಾಗುತ್ತಿತ್ತು. ಹೊಸ ನಾರು ಬಂದ ಮೇಲೆ ಒಂದೇ ಆಕ್ಸಿಜನೇಟರನ್ನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡೆಸಲು ಸಾಧ್ಯವಾಯಿತು. ನಾರುಗಳ ಒಟ್ಟು ಮೇಲ್ಮೈ 2 ಚದರ ಮೀಟರಿನೊಳಗೆ. ನಮ್ಮ ಶ್ವಾಸಕೋಶದ್ದು ಹತ್ತಾರು ಚದರ ಮೀಟರ್. ಇಷ್ಟು ಚಿಕ್ಕ ಮೇಲ್ಮೈಯಿಂದ ಕೆಲಸ ತೆಗೆಯಬೇಕಾದರೆ ನಿಮಿಷಕ್ಕೆ 4ರಿಂದ 5 ಲೀಟರ್ ರಕ್ತ ಅದರಲ್ಲಿ ಹರಿಯಬೇಕು. ಅಂದರೆ ಮೈಯಲ್ಲಿರುವ ರಕ್ತವೆಲ್ಲ ಹೆಚ್ಚುಕಡಿಮೆ ನಿಮಿಷಕ್ಕೊಂದು ಸಲ ಹೊರಗೆ ಬಂದು ಹೋಗುತ್ತದೆ. ಇದಿಷ್ಟನ್ನೂ ನೆನಪಿಟ್ಟುಕೊಂಡರೆ, ಕೊಳವೆ ಕಳಚಿದರೆ ಎಷ್ಟು ಹೊತ್ತಿನಲ್ಲಿ ಏನಾಗಬಹುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರ್ಯಕ್ರಮ ಶುರುಮಾಡುವವರು ತಿಳಿದಿರಲೇಬೇಕಾದ ಮಾತೊಂದಿದೆ. ಆಮ್ಲಜನಕದ ಮಟ್ಟ ನಿಂತಿರುವುದು ರಕ್ತದ ಹರಿವಿನ ಮೇಲೆ. ಇಂಗಾಲದ ಡೈಆಕ್ಸೈಡ್ ನಿಂತಿರುವುದು ನಾರಿನೊಳಗೆ ಹಾಯಿಸುವ ಅನಿಲದ ವೇಗದ ಮೇಲೆ. ಆ ಅನಿಲಕ್ಕೆ ಸ್ವೀಪ್ ಎನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಕಡಿಮೆ ಎಂದು ಸ್ವೀಪ್ ಏರಿಸಿದರೆ ಆಮ್ಲಜನಕ ಏರದು, ಇಂಗಾಲದ ಡೈಆಕ್ಸೈಡ್ ಮಾತ್ರ ದಿಢೀರನೆ ಕುಸಿಯುತ್ತದೆ. ಮೊದಲ ದಿನವೇ ಅದು ಅರ್ಧಕ್ಕಿಂತ ಹೆಚ್ಚು ಇಳಿದವರಲ್ಲಿ ಮಿದುಳಿನ ತೊಂದರೆಗಳು ಹೆಚ್ಚೆಂದು ಅಂತರರಾಷ್ಟ್ರೀಯ ಎಕ್ಮೋ ಸಂಸ್ಥೆಯಾದ ಎಲ್ಸೋದ ದಾಖಲೆಗಳಿಂದ ಗೊತ್ತಾಗಿದೆ. ಒಂದು ಗುಂಡಿ ತಪ್ಪಾಗಿ ತಿರುಗಿದರೂ ರೋಗಿ ಬೆಲೆ ತೆರುತ್ತಾನೆ.

ಎಕ್ಮೋದಲ್ಲಿ ಎರಡು ಮುಖ್ಯ ಬಗೆ. ಶ್ವಾಸಕೋಶ ಮಾತ್ರ ಕೆಟ್ಟು ಹೃದಯ ಚೆನ್ನಾಗಿದ್ದರೆ ರಕ್ತವನ್ನು ಅಭಿಧಮನಿಯಿಂದ ತೆಗೆದು ಅಭಿಧಮನಿಗೇ ಮರಳಿಸುತ್ತಾರೆ. ಇದು ವಿ-ವಿ. ರಕ್ತವನ್ನು ಮೈಗೆಲ್ಲ ಹಂಚುವ ಕೆಲಸ ಇಲ್ಲಿ ರೋಗಿಯ ಹೃದಯದ್ದೇ. ಹೃದಯವೇ ಸೋತಿದ್ದರೆ ಅಭಿಧಮನಿಯಿಂದ ತೆಗೆದ ರಕ್ತವನ್ನು 15ರಿಂದ 19 ಫ್ರೆಂಚ್ ಕ್ಯಾನುಲಾದಿಂದ ತೊಡೆಯ ಅಪಧಮನಿಗೆ, ಅಂದರೆ ಹೃದಯದಿಂದ ಮೈಗೆ ರಕ್ತ ಒಯ್ಯುವ ನಾಳಕ್ಕೆ, ಹರಿಸುತ್ತಾರೆ. ಇದು ವಿ-ಎ. ಹೃದಯ ಮತ್ತು ಶ್ವಾಸಕೋಶ ಎರಡರ ಕೆಲಸವನ್ನೂ ಇದು ಸ್ವಲ್ಪ ಮಟ್ಟಿಗೆ ಹೊರುತ್ತದೆ, ಅಪಾಯವೂ ಅಷ್ಟೇ ಹೆಚ್ಚು.

ವಿ-ವಿ ಹಾಕಿದ ಮೇಲೆ ವೆಂಟಿಲೇಟರನ್ನು ತೆಗೆಯುವುದಿಲ್ಲ, ಅದರ ಒತ್ತಡ ಇಳಿಸುತ್ತಾರೆ. ಉಸಿರು ತುಂಬಿದಾಗಿನ ಒತ್ತಡ (ಪ್ಲಾಟೊ) 24 ಸೆಂ.ಮೀ. ನೀರಿನ ಒಳಗೆ, ಉಸಿರು ಬಿಟ್ಟ ಮೇಲೂ ಉಳಿಸುವ ಒತ್ತಡ (ಪೀಪ್) 10ರ ಸುತ್ತ, ಆಮ್ಲಜನಕ ಶೇ. 30ರಿಂದ 50. ಉರಿಯುತ್ತಿರುವ ಶ್ವಾಸಕೋಶಕ್ಕೆ ಬಿಡುವು ಕೊಡುವುದೇ ಇದರ ಉದ್ದೇಶ. ರೋಗವನ್ನು ಎಕ್ಮೋ ವಾಸಿ ಮಾಡುವುದಿಲ್ಲ. ವಾಸಿಯಾಗಬಲ್ಲ ರೋಗಕ್ಕೆ ಸಮಯ ಕೊಡುತ್ತದೆ. ಈ ಸ್ಥಿತಿಯಲ್ಲಿ ರೋಗಿಯ ಬೆರಳಿನ ಸ್ಯಾಚುರೇಷನ್ ಶೇ. 85–90 ಇದ್ದರೂ ಸಾಕಾಗುತ್ತದೆ. ಯಂತ್ರದಿಂದ ಬಂದ ಕೆಂಪು ರಕ್ತದೊಂದಿಗೆ, ಯಂತ್ರಕ್ಕೆ ಸಿಗದೆ ನೇರವಾಗಿ ಹೃದಯ ಸೇರಿದ ಕಪ್ಪು ರಕ್ತವೂ ಬೆರೆಯುವುದರಿಂದ ಹೀಗಾಗುತ್ತದೆ. ‘ಇಷ್ಟು ದೊಡ್ಡ ಯಂತ್ರ ಹಾಕಿಯೂ 88 ಮಾತ್ರವೇ?’ ಎಂದು ಮನೆಯವರು ಗಾಬರಿಯಾಗುತ್ತಾರೆ. ಇದನ್ನು ಮೊದಲೇ ಕೂತು ವಿವರಿಸುವುದೂ ಚಿಕಿತ್ಸೆಯ ಭಾಗ.

ಇನ್ನು ಏನೇನು ಕೆಡುತ್ತದೆ ಎಂಬ ಮಾತು. ಯಂತ್ರ ಮಾರುವವರ ಕಡತದಲ್ಲಿ ಇದು ಸಿಗುವುದಿಲ್ಲ. ಇಲ್ಲಿ ಸ್ವಲ್ಪ ನಿಧಾನಿಸಬೇಕು ಎಂದು ವಿನಂತಿ.

ರಕ್ತ ಹೊರತರುವ ಕೊಳವೆ ಇದ್ದಕ್ಕಿದ್ದಂತೆ ನಡುಗಲು ಶುರುವಾಗುತ್ತದೆ, ಹರಿವು ಇಳಿಯುತ್ತದೆ. ಕೆಮ್ಮು, ಮೈಯಲ್ಲಿ ದ್ರವ ಕಡಿಮೆಯಾಗಿರುವುದು, ಕ್ಯಾನುಲಾ ಜರುಗಿರುವುದು, ಶ್ವಾಸಕೋಶದ ಸುತ್ತ ಗಾಳಿ ತುಂಬಿರುವುದು, ಹೃದಯದ ಸುತ್ತ ರಕ್ತ ಕಟ್ಟಿರುವುದು – ಕಾರಣ ಯಾವುದೂ ಆಗಿರಬಹುದು. ಅನುಭವವಿಲ್ಲದ ಕೈ ಹರಿವು ಇಳಿಯಿತೆಂದು ಪಂಪಿನ ವೇಗ ಏರಿಸುತ್ತದೆ. ಆಗ ಅಭಿಧಮನಿಯ ಗೋಡೆ ಇನ್ನಷ್ಟು ಎಳೆದುಕೊಂಡು ಕ್ಯಾನುಲಾದ ರಂಧ್ರಗಳಿಗೆ ಅಂಟುತ್ತದೆ, ರಕ್ತಕಣಗಳು ಒಡೆಯುತ್ತವೆ. ಮಾಡಬೇಕಾದದ್ದು ತದ್ವಿರುದ್ಧ: ಮೊದಲು ವೇಗ ಇಳಿಸಿ, ನಡುಕ ನಿಂತ ಮೇಲೆ ಕಾರಣ ಹುಡುಕಬೇಕು. ಪಂಪಿನ ಮುಂಚಿನ ಒತ್ತಡ ಮೈನಸ್ 100 ಮಿ.ಮೀ. ಪಾದರಸಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು.

ಇದೇ ಎಳೆತದಿಂದ ಇನ್ನೊಂದು ಅಪಾಯ. ಪಂಪಿನ ಮುಂಚಿನ ಭಾಗದಲ್ಲಿ ಒಂದು ಟ್ಯಾಪ್ ಸಡಿಲವಾಗಿದ್ದರೂ ರಕ್ತ ಹೊರಚೆಲ್ಲುವುದಿಲ್ಲ, ಗಾಳಿ ಒಳಬರುತ್ತದೆ. ಪಂಪಿನ ತಲೆಯಲ್ಲಿ ಗಾಳಿ ತುಂಬಿದರೆ ಹರಿವು ನಿಲ್ಲುತ್ತದೆ. ಔಷಧಿ ಕೊಡಲು ಕುತ್ತಿಗೆಯ ದೊಡ್ಡ ಅಭಿಧಮನಿಗೆ ಹಾಕಿದ ನಳಿಕೆಯ (ಸೆಂಟ್ರಲ್ ಲೈನ್) ಮುಚ್ಚಳ ತೆರೆದಿಟ್ಟರೂ ಅಷ್ಟೇ. ಆದ್ದರಿಂದಲೇ ಎಕ್ಮೋ ರೋಗಿಯ ಪಕ್ಕದ ದಾದಿಗೆ ಸಾಮಾನ್ಯ ಐಸಿಯು ತರಬೇತಿ ಸಾಲದು.

ಆಕ್ಸಿಜನೇಟರಿನಲ್ಲಿ ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿ. ಟಾರ್ಚ್ ಹಿಡಿದು ನೋಡಿದರೆ ಮೂಲೆಗಳಲ್ಲಿ ಕಪ್ಪು ಗೆರೆ ಕಾಣುತ್ತದೆ. ಅದರ ಮುಂಚಿನ ಮತ್ತು ನಂತರದ ಒತ್ತಡಗಳ ಅಂತರ ಏರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಶುದ್ಧ ಆಮ್ಲಜನಕ ಹರಿಸುತ್ತಿದ್ದರೂ ಆಕ್ಸಿಜನೇಟರ್ ದಾಟಿದ ರಕ್ತದಲ್ಲಿ ಆಮ್ಲಜನಕದ ಒತ್ತಡ 200 ಮಿ.ಮೀ.ಗಿಂತ ಕೆಳಗಿಳಿದರೆ ಬದಲಿಸುವ ಹೊತ್ತು ಹತ್ತಿರವಾಗಿದೆ ಎಂದರ್ಥ. ಬದಲಿಸುವುದೆಂದರೆ ಪಂಪ್ ನಿಲ್ಲಿಸಿ, ಎರಡೂ ಕಡೆ ಕ್ಲ್ಯಾಂಪ್ ಹಾಕಿ, ಕೊಳವೆ ಕತ್ತರಿಸಿ, ಗಾಳಿಗುಳ್ಳೆ ಬರದಂತೆ ಹೊಸದನ್ನು ಜೋಡಿಸುವುದು. ಪಳಗಿದ ತಂಡ ಇದನ್ನು ಒಂದೆರಡು ನಿಮಿಷದೊಳಗೆ ಮುಗಿಸುತ್ತದೆ. ವರ್ಷಕ್ಕೆ ಎರಡು ರೋಗಿ ನೋಡುವ ತಂಡಕ್ಕೆ ಆ ಕೈಚಳಕ ಎಲ್ಲಿಂದ ಬರಬೇಕು?

ಹಾಗೆಯೇ ನಾರುಗಳ ಅನಿಲದ ಬದಿಯಲ್ಲಿ ಹಬೆ ತಣಿದು ನೀರು ನಿಲ್ಲುತ್ತದೆ. ಸ್ವೀಪನ್ನು ಕೆಲವು ಸೆಕೆಂಡು ಜೋರಾಗಿ ಬಿಟ್ಟು ಅದನ್ನು ಊದಿ ತೆಗೆಯಬೇಕು. ಸ್ವೀಪಿನ ಕೊಳವೆಯೇ ಕಳಚಿ ಬಿದ್ದರೆ ಪಂಪ್ ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ, ಹರಿವಿನ ಅಂಕಿಯೂ ಸರಿಯಾಗಿಯೇ ಕಾಣುತ್ತದೆ. ಕಣ್ಣಿಗೆ ಕಾಣುವ ಗುರುತು ಒಂದೇ: ಯಂತ್ರಕ್ಕೆ ಹೋಗುವ ಕೊಳವೆ ನೇರಳೆಹಣ್ಣಿನ ಬಣ್ಣ, ರೋಗಿಗೆ ಮರಳಿ ಬರುವ ಕೊಳವೆ ದಾಸವಾಳದ ಬಣ್ಣ ಇರಬೇಕು. ಎರಡೂ ನೇರಳೆಯಾಗಿದ್ದರೆ ರೋಗಿಗೆ ಆಮ್ಲಜನಕ ಹೋಗುತ್ತಿಲ್ಲ. ಪ್ರತಿ ಗಂಟೆ ಈ ಎರಡು ಬಣ್ಣ ನೋಡಿ ಬರೆದಿಡಲು ಯಾವ ದುಬಾರಿ ಉಪಕರಣವೂ ಬೇಡ, ಆ ಹಾಸಿಗೆ ಬಿಟ್ಟು ಕದಲದ ಒಬ್ಬ ಮನುಷ್ಯ ಬೇಕು.

ಕರೆಂಟ್ ಹೋದಾಗ ಬ್ಯಾಟರಿ ಒಂದರಿಂದ ಒಂದೂವರೆ ಗಂಟೆ ಬರಬಹುದು, ಅದೂ ಹೊಸದಿದ್ದಾಗ. ಮೋಟಾರೇ ಕೆಟ್ಟರೆ ಪಂಪಿನ ತಲೆಯನ್ನು ಕಳಚಿ, ಕೈಯಿಂದ ತಿರುಗಿಸುವ ಹಿಡಿಕೆಗೆ ಜೋಡಿಸಿ ತಿರುಗಿಸುತ್ತಲೇ ಇರಬೇಕು. ವಿ-ಎ ರೋಗಿಯಾದರೆ ಅದಕ್ಕೂ ಮೊದಲು ಮರಳುವ ಕೊಳವೆಗೆ ಕ್ಲ್ಯಾಂಪ್ ಹಾಕಬೇಕು. ಇಲ್ಲವಾದರೆ ಅಪಧಮನಿಯ ಒತ್ತಡಕ್ಕೆ ರಕ್ತ ಹಿಮ್ಮುಖವಾಗಿ ನುಗ್ಗುತ್ತದೆ. ಹಿಡಿಕೆ ಕಪಾಟಿನೊಳಗೆ ಬೀಗ ಹಾಕಿದ್ದರೆ ಇಲ್ಲದ್ದಕ್ಕೆ ಸಮ. ಹಾಸಿಗೆಯ ಪಕ್ಕದಲ್ಲೇ ನಾಲ್ಕು ಕ್ಲ್ಯಾಂಪುಗಳೊಂದಿಗೆ ನೇತಾಡುತ್ತಿರಬೇಕು.

ವಿ-ಎ ಎಕ್ಮೋದ ತೊಂದರೆಗಳೇ ಬೇರೆ. ತೊಡೆಯ ಅಪಧಮನಿ ತುಂಬ ಕ್ಯಾನುಲಾ ಕೂತರೆ ಆ ಕಾಲಿಗೆ ರಕ್ತ ಇಳಿಯುವುದಿಲ್ಲ. ಅದಕ್ಕೆಂದೇ 6ರಿಂದ 8 ಫ್ರೆಂಚಿನ ಇನ್ನೊಂದು ಚಿಕ್ಕ ನಳಿಕೆಯನ್ನು ಕೆಳಮುಖವಾಗಿ ಹಾಕಿ, ಗಂಟೆಗೊಮ್ಮೆ ಡಾಪ್ಲರ್ ಉಪಕರಣದಿಂದ ಪಾದದಲ್ಲಿ ರಕ್ತ ಹರಿಯುತ್ತಿದೆಯೇ ಎಂದು ನೋಡಬೇಕು. ತಡವಾದರೆ ಜೀವ ಉಳಿದರೂ ಕಾಲು ಹೋಗುತ್ತದೆ. ಇನ್ನೊಂದು, ಯಂತ್ರ ರಕ್ತವನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ, ಸೋತ ಹೃದಯ ಮೇಲಿನಿಂದ ಕೆಳಕ್ಕೆ. ಹೃದಯ ತೀರಾ ಬಳಲಿದ್ದರೆ ಮಹಾಪಧಮನಿಯ ಕವಾಟ ತೆರೆಯುವುದೇ ಇಲ್ಲ. ಹೃದಯದ ಎಡ ಕೆಳಕೋಣೆ (ಎಡ ಹೃತ್ಕುಕ್ಷಿ) ಉಬ್ಬಿ, ಒಳಗಿನ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೇಲಿನ ಮತ್ತು ಕೆಳಗಿನ ರಕ್ತದೊತ್ತಡಗಳ ಅಂತರ 10 ಮಿ.ಮೀ.ಗಿಂತ ಕಡಿಮೆಯಾದರೆ ಕೂಡಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿ ನೋಡಬೇಕು. ಇನ್ನು ಹೃದಯ ಚೇತರಿಸಿಕೊಂಡು ಶ್ವಾಸಕೋಶ ಕೆಟ್ಟೇ ಇದ್ದರೆ ಮತ್ತೊಂದು ವಿಚಿತ್ರ: ಕಾಲಿಗೆ ಯಂತ್ರದ ಕೆಂಪು ರಕ್ತ, ಮಿದುಳಿಗೆ ಮತ್ತು ಹೃದಯಕ್ಕೆ ಕೆಟ್ಟ ಶ್ವಾಸಕೋಶದಿಂದ ಬಂದ ಕಪ್ಪು ರಕ್ತ. ಕಾಲಿನಿಂದಲೋ ಎಡಗೈಯಿಂದಲೋ ತೆಗೆದ ರಕ್ತಪರೀಕ್ಷೆ ‘ಎಲ್ಲ ಚೆನ್ನಾಗಿದೆ’ ಎನ್ನಬಹುದು. ಹಾಗಾಗಿ ಸ್ಯಾಚುರೇಷನ್ ಕ್ಲಿಪ್ ಮತ್ತು ಅಪಧಮನಿಯ ಲೈನ್ ಎರಡೂ ಬಲಗೈಯಲ್ಲೇ ಇರಬೇಕು. ಹಣ ಖರ್ಚಾಗದ ಈ ನಿಯಮ ತಪ್ಪಿದರೆ ಮಿದುಳು ಸಾಯುವುದು ಯಾರಿಗೂ ತಿಳಿಯುವುದಿಲ್ಲ.

ಇವೆಲ್ಲದರ ಅಡಿಯಲ್ಲಿ ರಕ್ತಸ್ರಾವ ಮತ್ತು ಹೆಪ್ಪುಗಟ್ಟುವಿಕೆಯ ಜಗ್ಗಾಟ ಎಂದೂ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ತಾಗಿದ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಡುತ್ತಾರೆ. ಕ್ಯಾನುಲಾ ಹಾಕುವಾಗ ಕಿಲೋ ತೂಕಕ್ಕೆ 50ರಿಂದ 100 ಯೂನಿಟ್, ಆಮೇಲೆ ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ನೋಡಿಕೊಂಡು ಸತತವಾಗಿ. ಅದೇ ಹೆಪಾರಿನ್ ಮೂಗು, ಕರುಳು, ಮಿದುಳಿನಲ್ಲಿ ರಕ್ತ ಸುರಿಸಬಹುದು. ರಾತ್ರಿ ಎರಡು ಗಂಟೆಗೆ ಎಪಿಟಿಟಿ ಫಲಿತಾಂಶ ಕೊಡದ ಪ್ರಯೋಗಾಲಯ, ಪ್ಲೇಟ್‌ಲೆಟ್ ಬೇರ್ಪಡಿಸಿ ಕೊಡದ ರಕ್ತನಿಧಿ ಇರುವ ಕಡೆ ಎಕ್ಮೋ ನಡೆಸಬಾರದು.

ಯಂತ್ರದ ಸುದ್ದಿ ಬಿಟ್ಟು ಈಗ ಪುರಾವೆಗೆ ಬರೋಣ. ಮೋಟಾರ್ ಸೈಕಲ್ ಅಪಘಾತದಲ್ಲಿ ಗಾಯಗೊಂಡ 24 ವರ್ಷದ ಯುವಕನೊಬ್ಬ 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 75 ಗಂಟೆ ಯಂತ್ರದ ಮೇಲಿದ್ದು ಬದುಕಿದ. ವಯಸ್ಕರಲ್ಲಿ ದೀರ್ಘಕಾಲದ ಎಕ್ಮೋ ಗೆದ್ದ ಮೊದಲ ಪ್ರಸಂಗ ಅದು. 1975ರಲ್ಲಿ ರಾಬರ್ಟ್ ಬಾರ್ಟ್ಲೆಟ್ ಅದೇ ರಾಜ್ಯದಲ್ಲಿ ಒಂದು ನವಜಾತ ಶಿಶುವನ್ನು ಉಳಿಸಿದರು. ಆದರೆ 1979ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 90 ವಯಸ್ಕ ರೋಗಿಗಳ ಪೈಕಿ ಎಕ್ಮೋ ಹಾಕಿದವರಲ್ಲೂ ಹಾಕದವರಲ್ಲೂ ಬದುಕಿದವರು ಹತ್ತರಲ್ಲಿ ಒಬ್ಬರಷ್ಟೂ ಇಲ್ಲ. ಆಗ ಶ್ವಾಸಕೋಶಕ್ಕೆ ಬಿಡುವು ಕೊಡುವ ತಿಳಿವಳಿಕೆ ಇರಲಿಲ್ಲ. ಎಕ್ಮೋ ಮೇಲಿದ್ದಾಗಲೂ ವೆಂಟಿಲೇಟರಿನ ಒತ್ತಡ ಜೋರಾಗಿಯೇ ಇತ್ತು. ವಯಸ್ಕರಲ್ಲಿ ಎಕ್ಮೋ ಮತ್ತೆ ಚೇತರಿಸಿಕೊಳ್ಳಲು ಮೂವತ್ತು ವರ್ಷ ಹಿಡಿಯಿತು.

ನಿಮ್ಮ ತೀರ್ಮಾನಕ್ಕೆ ಅತ್ಯಂತ ಹತ್ತಿರವಾದ ಪುರಾವೆ ಬ್ರಿಟನ್ನಿನ ಸೀಸರ್ ಅಧ್ಯಯನ, 2009ರದ್ದು. ಶ್ವಾಸಕೋಶ ತೀವ್ರವಾಗಿ ಸೋತ 180 ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಲೆಸ್ಟರ್‌ನ ಒಂದೇ ಕೇಂದ್ರಕ್ಕೆ ಕಳಿಸುವುದೆಂದು, ಉಳಿದವರನ್ನು ಇದ್ದಲ್ಲೇ ನೋಡಿಕೊಳ್ಳುವುದೆಂದು ನಿಗದಿಯಾಯಿತು. ಆರು ತಿಂಗಳ ಬಳಿಕ ತೀವ್ರ ಅಂಗವೈಕಲ್ಯವಿಲ್ಲದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 63, ಎರಡನೆಯದರಲ್ಲಿ ಶೇ. 47. ಗಮನಿಸಬೇಕಾದ ಸಂಗತಿ ಇಲ್ಲಿದೆ: ಲೆಸ್ಟರ್‌ಗೆ ನಿಗದಿಯಾದ 90 ಜನರಲ್ಲಿ ಎಕ್ಮೋ ಹಾಕಿದ್ದು 68 ಮಂದಿಗೆ ಮಾತ್ರ. ಅಂದರೆ ಆ ಅಧ್ಯಯನದಲ್ಲಿ ಕಂಡ ಲಾಭ ಬರೀ ಯಂತ್ರದ್ದಲ್ಲ, ಪಳಗಿದ ಕೇಂದ್ರಕ್ಕೆ ಹೊತ್ತಿಗೆ ಸರಿಯಾಗಿ ಕಳಿಸುವ ವ್ಯವಸ್ಥೆಯದ್ದು. 2018ರ ಇಯೋಲಿಯಾ ಅಧ್ಯಯನದಲ್ಲಿ 249 ರೋಗಿಗಳು. 60 ದಿನದೊಳಗೆ ಸತ್ತವರು ಎಕ್ಮೋ ಗುಂಪಿನಲ್ಲಿ ಶೇ. 35, ಇನ್ನೊಂದರಲ್ಲಿ ಶೇ. 46. ಸಂಖ್ಯಾಶಾಸ್ತ್ರದ ಅಳತೆಗೆ ಈ ಅಂತರ ಖಚಿತವಾಗಲಿಲ್ಲ. ಆದರೆ ಎಕ್ಮೋ ಇಲ್ಲದ ಗುಂಪಿನ ಶೇ. 28 ಜನರಿಗೂ ಕೊನೆಗೆ ಎಕ್ಮೋ ಹಾಕಬೇಕಾಗಿ ಬಂದಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೃದಯದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೃದಯಾಘಾತದಿಂದ ರಕ್ತದೊತ್ತಡ ಕುಸಿದವರಿಗೆಲ್ಲ ಬೇಗನೆ ಎಕ್ಮೋ ಹಾಕಿದರೆ ಲಾಭವೇ ಎಂದು 2023ರಲ್ಲಿ ಜರ್ಮನಿಯ ನೇತೃತ್ವದಲ್ಲಿ ನೋಡಿದಾಗ, 30 ದಿನದ ಸಾವು ಎಕ್ಮೋ ಗುಂಪಿನಲ್ಲಿ ಶೇ. 47.8, ಇನ್ನೊಂದರಲ್ಲಿ 49.0, ವ್ಯತ್ಯಾಸವಿಲ್ಲ ಎಂದೇ ಹೇಳಬೇಕು. ರಕ್ತಸ್ರಾವ ಮತ್ತು ಕಾಲಿನ ತೊಂದರೆ ಮಾತ್ರ ಎಕ್ಮೋ ಗುಂಪಿನಲ್ಲಿ ಎರಡು ಪಟ್ಟಿಗೂ ಹೆಚ್ಚು. ಹೃದಯ ನಿಂತುಹೋಗಿ ಸಿಪಿಆರ್ (ಎದೆ ಒತ್ತುವ ತುರ್ತು ಚಿಕಿತ್ಸೆ) ನಡೆಯುತ್ತಿರುವಾಗಲೇ ಎಕ್ಮೋ ಹಾಕುವ ವಿಷಯ ಹೆಚ್ಚು ಪಾಠ ಕಲಿಸುತ್ತದೆ. ಅಮೆರಿಕದ ಮಿನೆಸೋಟದಲ್ಲಿ, ಇದನ್ನೇ ನಿತ್ಯ ಮಾಡುವ ಒಂದು ತಂಡದ ಕೈಯಲ್ಲಿ ಶೇ. 43 ಜನ ಬದುಕಿ ಮನೆಗೆ ಹೋದರು, ಸಾಮಾನ್ಯ ಚಿಕಿತ್ಸೆಯಲ್ಲಿ ಶೇ. 7. ನೆದರ್ಲೆಂಡ್ಸ್‌ನಲ್ಲಿ ಹತ್ತು ಆಸ್ಪತ್ರೆಗಳಿಗೆ ಹಂಚಿ ನೋಡಿದಾಗ, ಮಿದುಳು ಚೆನ್ನಾಗಿದ್ದು ಬದುಕಿದವರು ಎಕ್ಮೋ ಗುಂಪಿನಲ್ಲಿ ಶೇ. 20, ಸಾಮಾನ್ಯ ಚಿಕಿತ್ಸೆಯಲ್ಲಿ ಶೇ. 16. ಅಧ್ಯಯನಗಳ ರೋಗಿಗಳೂ ಕ್ರಮಗಳೂ ಬೇರೆ ಬೇರೆ, ನಿಜ. ಆದರೂ ಹರಡಿಹೋದ ಅನುಭವಕ್ಕೂ ಒಂದೆಡೆ ಕೂಡಿದ ಅನುಭವಕ್ಕೂ ಇರುವ ಅಂತರ ಇದರಲ್ಲಿದೆ ಎಂದೇ ನಾವು ಓದಿಕೊಳ್ಳುತ್ತೇವೆ. ಒಂದು ಕೇಂದ್ರ ವರ್ಷಕ್ಕೆ ಕನಿಷ್ಠ 20 ರೋಗಿಗಳನ್ನಾದರೂ, ಅದರಲ್ಲಿ 12 ಶ್ವಾಸಕೋಶದ ರೋಗಿಗಳನ್ನಾದರೂ ನೋಡಬೇಕೆಂದು 2014ರಲ್ಲಿ ಅಂತರರಾಷ್ಟ್ರೀಯ ತಜ್ಞರು ಹೇಳಿದ್ದು ಇದೇ ಕಾರಣಕ್ಕೆ. 31 ಜಿಲ್ಲೆಗೆ 31 ಯಂತ್ರ ಹಂಚಿದರೆ ಹೆಚ್ಚಿನ ಜಿಲ್ಲೆಗಳು ಆ ಸಂಖ್ಯೆ ಮುಟ್ಟಲಾರವು.

ಹಾಗಾದರೆ ಜಿಲ್ಲಾ ಆಸ್ಪತ್ರೆ ಏನು ಮಾಡಬೇಕು? ಬಹಳಷ್ಟು ಮಾಡಬಹುದು, ಕಡಿಮೆ ದುಡ್ಡಿನಲ್ಲಿ. ಮೊದಲು ಪ್ರತಿ ಐಸಿಯುಗೆ ಒಂದು ಅಳತೆಯ ಟೇಪು. ವೆಂಟಿಲೇಟರ್ ಉಸಿರಿನ ಪ್ರಮಾಣವನ್ನು ರೋಗಿಯ ತೂಕ ನೋಡಿ ನಿರ್ಧರಿಸಬಾರದು, ಎತ್ತರ ನೋಡಿ ನಿರ್ಧರಿಸಬೇಕು. ಎತ್ತರದ ಸೆಂಟಿಮೀಟರಿನಿಂದ 152.4 ಕಳೆದು, 0.91ರಿಂದ ಗುಣಿಸಿ, ಗಂಡಸರಿಗೆ 50, ಹೆಂಗಸರಿಗೆ 45.5 ಕೂಡಿಸಬೇಕು. ಬಂದ ಕಿಲೋಗೆ 6 ಮಿ.ಲೀ. 165 ಸೆಂ.ಮೀ. ಎತ್ತರದ ಗಂಡಸಿಗೆ ಸುಮಾರು 370 ಮಿ.ಲೀ., 152 ಸೆಂ.ಮೀ. ಎತ್ತರದ ಹೆಂಗಸಿಗೆ 270. ಎಲ್ಲರಿಗೂ ಕಣ್ಣುಮುಚ್ಚಿ 500 ಇಟ್ಟರೆ ಆ ಹೆಂಗಸಿಗೆ ಕಿಲೋಗೆ 11 ಮಿ.ಲೀ. ಹೋಗುತ್ತದೆ. ಕಿಲೋಗೆ 12 ಮಿ.ಲೀ. ಕೊಟ್ಟವರಲ್ಲಿ ಶೇ. 39.8 ಸಾವು, 6 ಮಿ.ಲೀ. ಕೊಟ್ಟವರಲ್ಲಿ ಶೇ. 31 ಎಂದು 2000ದಲ್ಲೇ ಗೊತ್ತಾಗಿದೆ. ಎರಡನೆಯದು ಬೋರಲು ಮಲಗಿಸುವುದು, ಒಂದು ಸಲಕ್ಕೆ ಕನಿಷ್ಠ 16 ಗಂಟೆ. 2013ರ ಫ್ರೆಂಚ್ ಅಧ್ಯಯನದಲ್ಲಿ ಇದರಿಂದ 28 ದಿನದ ಸಾವು ಶೇ. 32.8ರಿಂದ 16ಕ್ಕೆ ಇಳಿಯಿತು. ತಿರುಗಿಸಲು ಐದು ಜನ, ಮುಖ ಮತ್ತು ಎದೆಯ ಕೆಳಗೆ ದಿಂಬು, ಉಸಿರಿನ ಕೊಳವೆಯನ್ನೇ ಹಿಡಿದು ನಿಲ್ಲಲು ಒಬ್ಬ ವೈದ್ಯ – ಬೇಕಾದದ್ದು ಇಷ್ಟೇ. ಇವೆರಡನ್ನೂ ಮಾಡದೆ ಎಕ್ಮೋಗೆ ಕಳಿಸುವ ರೋಗಿಗಳಲ್ಲಿ ಕೆಲವರಿಗೆ ಎಕ್ಮೋ ಬೇಕಾಗಿಯೇ ಇರುವುದಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದರಲ್ಲೂ ಗೊಂದಲವಿದೆ. ಕಟ್ಟುಹಾವು ಕಚ್ಚಿ ಉಸಿರಾಟದ ಸ್ನಾಯು ನಿಂತವರಿಗೆ, ಕೀಟನಾಶಕ ಕುಡಿದು ಉಸಿರು ಕಟ್ಟಿದವರಲ್ಲಿ ಬಹುಪಾಲು ಜನರಿಗೆ ಎಕ್ಮೋ ಬೇಡ. ಅವರ ಶ್ವಾಸಕೋಶ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ವೆಂಟಿಲೇಟರ್, ಸರಿಯಾದ ಔಷಧಿ, ತಾಳ್ಮೆ ಸಾಕು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಬರುವ ಇಲಿಜ್ವರ ಶ್ವಾಸಕೋಶದೊಳಗೆ ರಕ್ತ ಸುರಿಸಿದಾಗ, ಎಚ್1ಎನ್1 ಅಥವಾ ಸ್ಕ್ರಬ್ ಟೈಫಸ್ ಶ್ವಾಸಕೋಶವನ್ನು ಬಿಗಿದಾಗ, ವೈರಸ್ ಹೃದಯದ ಸ್ನಾಯುವನ್ನೇ ಹಿಡಿದಾಗ, ಹೆರಿಗೆಯ ಮುಂಚೆ ಹಿಂಚೆ ಹೃದಯ ಸೋತಾಗ – ಇಂಥಲ್ಲಿ ಎಕ್ಮೋ ನಿಜವಾಗಿ ಜೀವ ಉಳಿಸಬಹುದು, ಏಕೆಂದರೆ ಇವು ದಿನಗಳಲ್ಲಿ ಇಳಿಯಬಲ್ಲ ರೋಗಗಳು. ಇಲಿಜ್ವರದಲ್ಲಿ ರಕ್ತಸ್ರಾವವಿದ್ದರೂ ಹೆಪಾರಿನ್ ಇಲ್ಲದೆಯೇ ಕೆಲವು ದಿನ ನಡೆಸಬಹುದು. ಕಾಳಿನ ಚೀಲಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ನುಂಗಿದವರೂ ಈ ಪಟ್ಟಿಯಲ್ಲಿ ಬರುತ್ತಾರೆ. ಆ ವಿಷಕ್ಕೆ ಪ್ರತಿವಿಷವಿಲ್ಲ, ಹೃದಯ ಗಂಟೆಗಳಲ್ಲಿ ಕುಸಿಯುತ್ತದೆ. ಆದರೆ ಕೆಲವು ದಿನ ದಾಟಿಸಿದರೆ ಚೇತರಿಸಿಕೊಳ್ಳಬಲ್ಲದು. ಪಂಜಾಬಿನ ಲೂಧಿಯಾನದ ವೈದ್ಯರು ವಿ-ಎ ಎಕ್ಮೋದಿಂದ ಇಂಥವರನ್ನು ಉಳಿಸಿ ವರದಿ ಮಾಡಿದ್ದಾರೆ. ಎಂದೂ ಚೇತರಿಸದಷ್ಟು ನಾರುಗಟ್ಟಿದ ಶ್ವಾಸಕೋಶಕ್ಕೆ, ಅಂಗಾಂಗ ಕಸಿಯ ದಾರಿಯೂ ಇಲ್ಲದಾಗ, ಎಕ್ಮೋ ಹಾಕುವುದೆಂದರೆ ಇನ್ನೊಂದು ದಡವಿಲ್ಲದ ಸೇತುವೆ ಹತ್ತಿಸಿದಂತೆ. ವೆಂಟಿಲೇಟರಿನ ಜೋರು ಒತ್ತಡದಲ್ಲಿ ಏಳು ದಿನ ಕಳೆದವರಿಗೂ ಲಾಭ ಬಹಳ ಕುಗ್ಗುತ್ತದೆ.

ಆದ್ದರಿಂದ ಫೋನ್ ಮಾಡುವ ಗಡಿಯನ್ನು ಎಕ್ಮೋ ಹಾಕುವ ಗಡಿಗಿಂತ ಮುಂಚೆಯೇ ಇಡಬೇಕು. ರಕ್ತದ ಆಮ್ಲಜನಕದ ಒತ್ತಡವನ್ನು ಕೊಡುತ್ತಿರುವ ಆಮ್ಲಜನಕದ ಪ್ರಮಾಣದಿಂದ ಭಾಗಿಸಿ. ಒತ್ತಡ 60, ಕೊಡುತ್ತಿರುವುದು ಶೇ. 80 ಆದರೆ 60 ಭಾಗ 0.8, ಅಂದರೆ 75. ಬೋರಲು ಮಲಗಿಸಿಯೂ ಈ ಅಂಕಿ 100ರ ಕೆಳಗೇ ನಿಂತರೆ ಕೇಂದ್ರಕ್ಕೆ ಫೋನ್ ಹೋಗಬೇಕು. 80ರ ಕೆಳಗೆ ಆರು ಗಂಟೆಗೂ ಹೆಚ್ಚು, ಅಥವಾ 50ರ ಕೆಳಗೆ ಮೂರು ಗಂಟೆಗೂ ಹೆಚ್ಚು ಇದ್ದರೆ, ಇಲ್ಲವೇ ಇಂಗಾಲದ ಡೈಆಕ್ಸೈಡ್ 60 ಮುಟ್ಟಿ, ರಕ್ತದ ಆಮ್ಲೀಯತೆ ತೋರುವ ಪಿಎಚ್ 7.25ಕ್ಕಿಂತ ಕೆಳಗೆ ಆರು ಗಂಟೆ ಉಳಿದರೆ ಇಯೋಲಿಯಾದಲ್ಲಿ ಎಕ್ಮೋ ಹಾಕುವ ಗಡಿ ದಾಟಿದಂತೆ. ಹೃದಯದ ರೋಗಿಗಾದರೆ, ರಕ್ತದೊತ್ತಡ ಹಿಡಿದಿಡುವ ಎರಡು ಔಷಧಿಗಳ ಪ್ರಮಾಣ ಏರುತ್ತಲೇ ಇದ್ದು, ಅಂಗಗಳಿಗೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್ 4 ದಾಟಿ ಏರುತ್ತಿದ್ದು, ಮೂತ್ರ ನಿಲ್ಲುತ್ತಿದ್ದರೆ ಫೋನ್ ಮಾಡಬೇಕು. ಎಲ್ಲ ಅಂಗಗಳೂ ಸೋತ ಮೇಲೆ ಮಾಡುವ ಕರೆಗೆ ‘ಆಗುವುದಿಲ್ಲ’ ಎಂಬ ಉತ್ತರ ಬಿಟ್ಟು ಬೇರೇನೂ ಇರುವುದಿಲ್ಲ.

ಫೋನ್ ಬಂದ ಮೇಲೆ ರೋಗಿಯನ್ನು ಹಾಗೆಯೇ ಆಂಬುಲೆನ್ಸ್‌ಗೆ ಹಾಕಿ ಕಳಿಸುವುದು ಅಪಾಯ. ತಂಡವೇ ಹೋಗಿ, ಆ ಆಸ್ಪತ್ರೆಯಲ್ಲೇ ಕ್ಯಾನುಲಾ ಹಾಕಿ, ಎಕ್ಮೋ ಮೇಲೆಯೇ ಕರೆತರಬೇಕು. ಇಯೋಲಿಯಾದಲ್ಲಿ ಸಂಚಾರಿ ತಂಡಗಳು ಮಾಡಿದ್ದು ಇದನ್ನೇ. ನಮ್ಮ 108 ಆರೋಗ್ಯ ಕವಚ 2008ರಿಂದ ರಸ್ತೆಯ ಮೇಲಿದೆ. ಅದರ ಜಾಲವನ್ನೇ ಬಳಸಿ, ಎರಡು ಮೂರು ದೊಡ್ಡ ವಾಹನಗಳನ್ನು ಇದಕ್ಕೆಂದು ಸಿದ್ಧಮಾಡಬಹುದು. ಲೆಕ್ಕ ಮಾತ್ರ ಕರಾರುವಾಕ್ಕಾಗಿರಬೇಕು. ಸ್ವೀಪಿಗೆ ನಿಮಿಷಕ್ಕೆ 6 ಲೀಟರ್, ವೆಂಟಿಲೇಟರಿಗೆ 10; ಒಟ್ಟು ಗಂಟೆಗೆ 960 ಲೀಟರ್ ಆಮ್ಲಜನಕ. 1500 ಲೀಟರಿನ ಬಿ ಸಿಲಿಂಡರ್ ಒಂದೂವರೆ ಗಂಟೆ ಬರುತ್ತದೆ, 7000 ಲೀಟರಿನ ಡಿ ಸಿಲಿಂಡರ್ ಏಳು ಗಂಟೆ. ವಿಜಯಪುರದಿಂದ ಬೆಂಗಳೂರಿಗೆ 500 ಕಿ.ಮೀ.ಗೂ ಹೆಚ್ಚು, ದಾರಿಯಲ್ಲೇ ಒಂದು ಡಿ ಸಿಲಿಂಡರ್ ಬರಿದಾಗುತ್ತದೆ. ಬೇಕಾದದ್ದರ ಎರಡು ಪಟ್ಟು ಒಯ್ಯುವುದು ನಿಯಮವಾಗಬೇಕು. ಆಮ್ಲಜನಕದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಈ ರಾಜ್ಯ ಕಂಡಿದೆ. ರಕ್ತ ಬೆಚ್ಚಗಿಡುವ ಉಪಕರಣ ಸಾಮಾನ್ಯವಾಗಿ ಬ್ಯಾಟರಿಯಲ್ಲಿ ನಡೆಯದು, ಹಾಗಾಗಿ ಕಂಬಳಿಯೂ ಇರಲಿ. ಬೀದರಿನಿಂದ ಬೆಂಗಳೂರು ಸುಮಾರು 700 ಕಿ.ಮೀ., ಹೈದರಾಬಾದ್ 150ಕ್ಕೂ ಕಡಿಮೆ. ಅಲ್ಲಿನ ರೋಗಿಗೆ ರಾಜ್ಯದ ಗಡಿ ಅಡ್ಡಬರದಂತೆ ನೆರೆರಾಜ್ಯದೊಡನೆ ಮೊದಲೇ ಒಪ್ಪಂದ ಬೇಕು.

ಕೇಂದ್ರಗಳು ಎಲ್ಲಿರಬೇಕು ಎಂಬುದನ್ನು ನೀವೇ ನಿರ್ಧರಿಸಿ. ಜಯದೇವ ಹೃದ್ರೋಗ ಸಂಸ್ಥೆಗೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ನೆಲೆಯಿದೆ. ಹೃದಯದ ಕಡೆಯ ಕೆಲಸಕ್ಕೆ ಅಲ್ಲಿಂದ ಯೋಚನೆ ಶುರುಮಾಡಬಹುದು. ಎಲ್ಲೇ ಇರಲಿ, ಜನರ ಲೆಕ್ಕ ಹಾಕಿ. ವಾರಕ್ಕೆ 168 ಗಂಟೆ, ಒಬ್ಬ ದಾದಿ 48 ಗಂಟೆ ದುಡಿದರೆ ಒಂದು ಹಾಸಿಗೆಗೆ ಮೂರೂವರೆ ಜನ. ರಜೆ, ತರಬೇತಿ, ಕಾಯಿಲೆ ಸೇರಿಸಿದರೆ ಐದು ಜನ. ಎರಡು ಹಾಸಿಗೆಗೆ ಹತ್ತು. ಅವರನ್ನು ಆರು ತಿಂಗಳಿಗೊಮ್ಮೆ ವರ್ಗ ಮಾಡಿದರೆ, ಗುತ್ತಿಗೆ ಮುಗಿಯಿತೆಂದು ಕಳಿಸಿದರೆ, ಕೇಂದ್ರ ಅಂದೇ ಮುಚ್ಚಿದಂತೆ. ಯಂತ್ರ ನಡೆಸುವ ತಂತ್ರಜ್ಞರಾದ ಪರ್ಫ್ಯೂಷನಿಸ್ಟರ ಹುದ್ದೆಗಳು ಕಾಯಂ ಆಗಿರಲಿ. ಮೂರು ತಿಂಗಳಿಗೊಮ್ಮೆ ನೀರು ತುಂಬಿದ ಸರ್ಕೀಟಿನ ಮೇಲೆ ಕರೆಂಟ್ ಹೋಗುವುದು, ಗಾಳಿ ಸೇರುವುದು, ಆಕ್ಸಿಜನೇಟರ್ ಬದಲಿಸುವುದು – ಈ ಮೂರನ್ನೂ ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ.

ಹಣದ ಮಾತು ಚಿಕ್ಕದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಮಿತಿ. ಖಾಸಗಿ ಆಸ್ಪತ್ರೆಯಲ್ಲಿ ಎಕ್ಮೋ ಎರಡು ವಾರ ನಡೆದರೆ ಆ ಮಿತಿ ಸುಲಭವಾಗಿ ದಾಟುತ್ತದೆ. ನಡುವಿನಲ್ಲಿ ದುಡ್ಡು ಮುಗಿದು ಯಂತ್ರ ನಿಲ್ಲಿಸಬೇಕಾಗುವುದಕ್ಕಿಂತ ಕ್ರೂರವಾದದ್ದು ಇಲ್ಲ. ಹಾಕುವಾಗಲೇ ಇಡೀ ಅವಧಿಗೆ ಒಪ್ಪಿಗೆ ಸಿಗುವಂಥ ಪ್ರತ್ಯೇಕ ವ್ಯವಸ್ಥೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ರೂಪಿಸಬೇಕು.

ನಿಲ್ಲಿಸುವುದಕ್ಕೂ ಕ್ರಮ ಬೇಕು. ಶ್ವಾಸಕೋಶ ಚೇತರಿಸಿದೆಯೇ ಎಂದು ನೋಡಲು ರಕ್ತದ ಹರಿವು ಹಾಗೆಯೇ ಇಟ್ಟು ಸ್ವೀಪ್ ಮುಚ್ಚುತ್ತಾರೆ. ಗಂಟೆಗಟ್ಟಲೆ ರೋಗಿಯ ರಕ್ತಪರೀಕ್ಷೆ ಸರಿಯಿದ್ದರೆ ಕ್ಯಾನುಲಾ ತೆಗೆಯಬಹುದು. ಹೃದಯಕ್ಕಾದರೆ ಹರಿವನ್ನು ನಿಮಿಷಕ್ಕೆ 1–1.5 ಲೀಟರಿಗೆ ಇಳಿಸಿ ಎಕೋದಲ್ಲಿ ನೋಡುತ್ತಾರೆ. ಇವೆರಡೂ ಆಗದ, ಕಸಿಗೂ ದಾರಿಯಿಲ್ಲದ ರೋಗಿಗಳು ಇದ್ದೇ ಇರುತ್ತಾರೆ. ಗೌರವದಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ, 2023ರಲ್ಲಿ ಸರಳಗೊಳಿಸಿದ ತೀರ್ಪನ್ನು ಜಾರಿಗೆ ತರಲು ನಿಮ್ಮ ಇಲಾಖೆಯೇ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಚಿಕಿತ್ಸೆ ನಿಲ್ಲಿಸಬಹುದೇ ಎಂದು ತೀರ್ಮಾನಿಸಲು ಆ ತೀರ್ಪು ಹೇಳುವ ಎರಡು ಹಂತದ ವೈದ್ಯಕೀಯ ಮಂಡಳಿಗಳು ಎಕ್ಮೋ ಕೇಂದ್ರಗಳಲ್ಲಿ ಕಾಗದದ ಮೇಲೆ ಮಾತ್ರ ಇರದೆ, ಕರೆದ ದಿನವೇ ಕೂರುವಂತಿರಬೇಕು. ಮನೆಯವರಿಗೂ ಮೊದಲ ದಿನವೇ ಹೇಳಬೇಕು: ಯಾವ ರೋಗ ಇಳಿಯುತ್ತದೆಂದು ಕಾಯುತ್ತಿದ್ದೇವೆ, ಎಷ್ಟು ದಿನಕ್ಕೆ ಮತ್ತೆ ಕೂತು ಮಾತಾಡುತ್ತೇವೆ, ಏನಾದರೆ ನಿಲ್ಲಿಸುತ್ತೇವೆ. ಓದುತ್ತಿರುವ ಸಾರ್ವಜನಿಕರಲ್ಲೂ ವಿನಂತಿ: ನಿಮ್ಮವರಿಗೆ ಎಕ್ಮೋ ಬೇಕೆಂದಾಗ ಈ ಮೂರನ್ನು ಕೇಳಿ. ಜೊತೆಗೆ ಆ ಆಸ್ಪತ್ರೆ ವರ್ಷಕ್ಕೆ ಎಷ್ಟು ರೋಗಿಗಳಿಗೆ ಎಕ್ಮೋ ಹಾಕುತ್ತದೆ, ಎಷ್ಟು ಜನ ಮನೆಗೆ ಹೋಗಿದ್ದಾರೆ ಎಂದೂ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕೊನೆಯದಾಗಿ, ಸರ್ಕಾರದ ಹಣ ಪಡೆಯುವ ಪ್ರತಿ ಕೇಂದ್ರವೂ ಎಷ್ಟು ಕರೆ ಬಂತು, ಎಷ್ಟು ಜನರಿಗೆ ಹಾಕಲಾಯಿತು, ಎಷ್ಟು ಜನ ಬದುಕಿ ಮನೆಗೆ ಹೋದರು, ಎಷ್ಟು ಜನರಿಗೆ ಮಿದುಳಿನ ರಕ್ತಸ್ರಾವವಾಯಿತು, ಎಷ್ಟು ಕಾಲು ಹೋಯಿತು ಎಂಬುದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ. ಮುಂಗಾರಿನ ಜ್ವರಗಳು ಏರುವ ಮೊದಲು ದೂರವಾಣಿ ಸಂಖ್ಯೆಯೊಂದನ್ನಾದರೂ ಪ್ರತಿ ಜಿಲ್ಲಾ ಐಸಿಯುವಿನ ಗೋಡೆಗೆ ಅಂಟಿಸಿ.

ಇಂತು,
ತೀವ್ರ ನಿಗಾ ಘಟಕಗಳ ವೈದ್ಯರು, ಶುಶ್ರೂಷಕರು ಮತ್ತು ಪರ್ಫ್ಯೂಷನಿಸ್ಟರು